ಕಾಕನ ಸೋಡಾ ಬಾಟಲಿ

ನಮ್ಮ ಕಾಕ ಚಹಾ ಅಂಗಡಿಗೆ ಹೋದರೆ ಚಹಾ ಬಿಟ್ಟು ಗಾಜಿನ ಲೋಟ ನೋಡಿ ಬರುವ ಮನುಷ್ಯ. ಹುಚ್ಚು ಎಂದು ನೀವು ಹೇಳಬೇಕಾಗಿಲ್ಲ. ಇಡೀ ಕೊಟ್ಟೂರೇ ಹೇಳಿ ಸುಸ್ತಾಗಿದೆ!

ಮನೆ ಕಟ್ಟಿಸುವವರಿಗೆ, ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಆ ಮನೆಯ ಚಿತ್ರ ಮಾಡಿಕೊಡುವುದು ಅವನ ಉದ್ಯೋಗ. ಗೋಡೆ, ಬಾಗಿಲು, ತುಳಸಿಕಟ್ಟೆ ಎಲ್ಲ ಸಂಜೆಯೊಳಗೆ ಎದ್ದು ನಿಲ್ಲುತ್ತವೆ. ಕಿಟಕಿಯ ಗಾಜು ಬಂತೋ, ಮುಗಿಯಿತು. ಅಂಚಿಗೆ ತುಸು ಹಸಿರು ಬೇಕಂತೆ, ಒರೆಸಿದ ಬಟ್ಟೆಯ ಗುರುತೂ ಬೇಕಂತೆ! ಹಡಗಲಿಯ ಮೇಷ್ಟ್ರೊಬ್ಬರು ತಮ್ಮ ಮನೆಯ ಚಿತ್ರ ನೋಡಿ ದಂಗಾದರು.

"ಏನ್ರಿ ಇದು, ಕಿಟಕಿ ಗಾಜಿನ್ಯಾಗ ಎದ್ರುಮನಿ ಕಾಣಾಕತ್ತೈತಿ?"

"ಎದುರಿಗೆ ಐತಲ್ರಿ, ಕಾಣದ ಏನ್ ಮಾಡ್ತೈತಿ?"

"ಅವ್ರ ಜೋಡಿ ಮಾತು ಬಿಟ್ಟು ಎಷ್ಟೋ ವರ್ಷ ಆತ್ರಿ. ತೆಗೀರಿ ಅದನ್ನ."

ಕಾಕ ತೆಗೆಯಲಿಲ್ಲ. ಕೊನೆಗೆ ನಡುವೆ ಒಂದು ಬೇವಿನ ಮರ ನೆಡಿಸಿಕೊಂಡು ಮೇಷ್ಟ್ರು ರಾಜಿಯಾದರು.

ಚಿಗಟೇರಿಯ ಮದುವೆಯೊಂದರಲ್ಲಿ ಕಾಕ ಮದುಮಗಳ ಕೈಯನ್ನೇ ದಿಟ್ಟಿಸುತ್ತ ನಿಂತ. ಹುಡುಗಿಯ ಅಣ್ಣಂದಿರು ವಿಚಾರಿಸಿದರೆ, "ಗಾಜಿನ ಬಳಿ ನೋಡಾಕತ್ತೀನ್ರಿ, ಬೆಳಕು ಎಲ್ಲಿ ಬಗ್ಗತೈತಿ ಅಂತ" ಎಂದ. ನಮ್ಮನ್ನೆಲ್ಲ ಊಟಕ್ಕೆ ಕೂರಿಸಿದವರು ಅವನನ್ನು ಮಾತ್ರ ಬಸ್ಸಿನ ತನಕ ಬಿಟ್ಟು ಬಂದರು.

ಇಷ್ಟೆಲ್ಲ ಪಾಡುಪಟ್ಟದ್ದು ಒಂದು ಬಾಟಲಿಗಾಗಿ ಎಂದು ಆಮೇಲೆ ತಿಳಿಯಿತು. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ನಮ್ಮ ಅಜ್ಜ ಗೋಲಿಸೋಡಾ ಮಾರುತ್ತಿದ್ದ. ಗೋಲಿ ಒತ್ತಿದಾಗಿನ ಆ ಕೀಂ ಸದ್ದು, ಒದ್ದೆ ಗೋಣಿಚೀಲದ ವಾಸನೆ, ಬಾಟಲಿಯನ್ನು ಬಿಸಿಲಿಗೆ ಹಿಡಿದು ಕಸ ಹುಡುಕುವ ಬಿಳಿ ರುಮಾಲಿನ ಅಜ್ಜ. ನನಗೆ ಈಗಲೂ ಹಂಬಲವಾಗುತ್ತದೆ. ಅವನು ಮನೆಗೆ ಬಂದರೆ ಅಜ್ಜಿಯ ಸೆರಗು ತಾನಾಗಿಯೇ ತಲೆಗೇರುತ್ತಿತ್ತು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆ ಎನ್ನುತ್ತಿದ್ದವನು, ತೆಗೆಸದೆಯೂ ಬೇಗ ಹೋದ. ಈಚೆಗೆ ಅಜ್ಜಿ, "ಅವ್ರ ಮುಖಾನ ಮರ್ತು ಹೊಂಟೈತಲ್ಲಪ್ಪ" ಎಂದು ಕಾಕನ ಮುಂದೆ ಅತ್ತಿದ್ದಳು.

ಕಾಕ ಅಜ್ಜನ ಮುಖ ಬರೆಯಲು ಹೋಗಲಿಲ್ಲ. ಅದು ಅವನಿಗೂ ಮರೆತಿತ್ತು. ಬಾಟಲಿ ಮಾಡಲು ಕುಳಿತ. ಮೊದಲು ಪ್ಲಾಸ್ಟಿಕ್ಕಿನಂತೆ ಬಂತು, ಆಮೇಲೆ ಕಲ್ಲುಸಕ್ಕರೆಯಂತೆ.

"ಗಾಜಿಗೆ ತನ್ನ ಬಣ್ಣ ಅಂತ ಒಂದಿಲ್ಲಲೇ. ಸುತ್ತ ಏನರ ಇದ್ರನ ಅದು ಗಾಜು" ಎಂದವನೇ, ಚಿತ್ರದ ಚೌಕಟ್ಟಿನ ಹೊರಗೆ ಸಂತೆ ಕಟ್ಟತೊಡಗಿದ. ತಗಡಿನ ಚಪ್ಪರ, ಗೋಣಿಚೀಲ, ಬಿಸಿಲು, ಬಿಳಿ ರುಮಾಲಿನ ಒಬ್ಬ ಮನುಷ್ಯ.

"ಇವು ಯಾರಿಗೂ ಕಾಣಂಗಿಲ್ಲಲ್ಲೋ ಕಾಕ?"

"ಬಾಟ್ಲಿಗೆ ಕಾಣ್ತಾವಲ್ಲ."

ಕಳೆದ ವಾರ ಅಜ್ಜಿಯನ್ನು ಕೈಹಿಡಿದು ಕರೆತಂದು ಪರದೆಯ ಮುಂದೆ ಕೂರಿಸಿದ. ಪರದೆಯ ತುಂಬ ಬಾಟಲಿ. ಅದರ ಹೊಟ್ಟೆಯಲ್ಲಿ ಸೊಟ್ಟಗೆ ಬಾಗಿದ, ಹೆಬ್ಬೆರಳಿನಷ್ಟು ಬಿಳಿ ರುಮಾಲು. ಮುಖ ಎನ್ನುವಂಥದ್ದು ಏನೂ ಇಲ್ಲ. ಅಜ್ಜಿಗೆ ಇದರಲ್ಲಿ ಏನು ಕಂಡೀತು ಎಂದು ನನಗೆ ಸಂಕಟವಾಯಿತು.

ಅಜ್ಜಿ ಬಗ್ಗಿ ನೋಡಿದಳು. ಜಾರಿದ ಸೆರಗನ್ನು ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡಳು.

"ನಿಮ್ಮಪ್ಪಗ ನೆಳ್ಳಿಗೆ ಬರಾಕ ಹೇಳೋ. ಬಿಸಿಲು ಭಾಳ ಐತಿ."

ಮೇಷ್ಟ್ರ ಎದುರುಮನೆಯನ್ನು ಕದಲಿಸದ ಕಾಕ, ಕುಳಿತು ತಗಡಿನ ಚಪ್ಪರವನ್ನು ರುಮಾಲಿನ ಮೇಲಕ್ಕೆ ಎಳೆದ. ಬೆಳಕೆಲ್ಲ ಹೋಗಿ ಬಾಟಲಿ ಮಂಕಾಯಿತು. ಅವನು ಅದನ್ನು ಹಾಗೆಯೇ ಬಿಟ್ಟಿದ್ದಾನೆ.