ಸೈಕಲ್ ದಾರಿಯೂ ಊರ ಮರ್ಯಾದೆಯೂ

ನಮ್ಮೂರಲ್ಲಿ ಏನಾದರೂ ಒಳ್ಳೇದು ಆಗಬೇಕಾದರೆ ಮೊದಲು ನಾಲ್ಕು ಮನೆ ಮರ್ಯಾದೆ ಹೋಗಲೇಬೇಕು. ಕೆರೆ ಪಕ್ಕದಿಂದ ಕುದೂರಿಗೆ, ನಡೆಯೋರಿಗೂ ಸೈಕಲ್ಲಿನೋರಿಗೂ ಅಂತ ಒಂದು ದಾರಿ ಮಾಡೋಕೆ ಪಂಚಾಯ್ತಿಯವರು ಹೊರಟಾಗಲೂ ಹಾಗೇ ಆಯಿತು. ನನಗಂತೂ ಆ ದಾರಿ ಆಗಲೇಬೇಕಿತ್ತು, ಮೊಮ್ಮಗಳ ಇಸ್ಕೂಲು ಇರೋದು ಕುದೂರಲ್ಲೇ. "ಟಾರು ರೋಡಲ್ಲಿ ಲಾರಿ ಕಾಟ ಕಣವ್ವ, ಬೇರೆ ದಾರಿ ಆಗ್ದಿದ್ರೆ ಮಗೀನ ಇಸ್ಕೂಲು ಬಿಡಿಸ್ಬುಡ್ತೀನಿ" ಅಂತ ಮಗ ಹಟ ಹಿಡಿದಿದ್ದ.

1. ಬೊಟ್ಟು

ಪ್ಲಾನು ಬರೆಯೋಕೆ ಬಂದ ಇಂಜಿನಿಯರ್ ಹುಡುಗಿ ಊರಿನ ನಕಾಶೆ ಹಾಸಿ, "ದಿನಾ ಎಲ್ಲೆಲ್ಲಿ ನಡೀತೀರೋ ಅಲ್ಲೆಲ್ಲ ಒಂದೊಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ" ಅಂದಳು. ಪಂಚಾಯ್ತಿ ಮೆಂಬರು ಮೊದಲು ಎದ್ದ. ಅವನಿಗೆ ಸಕ್ಕರೆ ಕಾಯಿಲೆ. ಹೆಂಡತಿ ಬೆಳಿಗ್ಗೆ ಗಂಜಿ ಕುಡಿಸಿ ಕೆರೆ ಕಡೆ ವಾಕಿಂಗಿಗೆ ಅಟ್ಟುತ್ತಿದ್ದಳು. ಊರಿಗೆಲ್ಲ ತಾನೇ ಮುಂದು ಅನ್ನೋ ಹುರುಪಲ್ಲಿ ನಿಜಾನೇ ಅಂಟಿಸಿಬಿಟ್ಟ. ಬೊಟ್ಟುಗಳು ಕೆರೆ ಕಡೆ ತಿರುಗಲೇ ಇಲ್ಲ, ಸೀದಾ ಬೋಂಡದಂಗಡಿ ಹಿಂಬಾಗಿಲಿಗೆ ಹೋಗಿ ನಿಂತವು.

ಹೆಂಡತಿ ಬಗ್ಗಿ ನೋಡಿ, "ವಾಪಸ್ ಬರೋದ್ನೂ ಅಂಟ್ಸಿ, ಮನೇಲಿ ಕಾಯ್ತಿರ್ತೀನಿ" ಅಂದಳು.

2. ಗೂಟ

ಹುಡುಗಿ ಎರಡು ಹೊಲದ ನಡುವೆ ದಾರಿ ಅಳೆದು ಗೂಟ ಹೊಡೆಸಿ ಹೋದಳು. ಅವಳ ಬಸ್ಸು ತಿರುವು ದಾಟೋಕೆ ಮುಂಚೆ ಎಡಗಡೆ ಹೊಲದವನು ಗೂಟಾನ ಬಲಕ್ಕೆ ಎರಡು ಮೊಳ ಸರಿಸಿದ. ಅವನು ಊಟಕ್ಕೆ ಹೋದಾಗ ಬಲಗಡೆ ಹೊಲದವನು ಎಡಕ್ಕೆ ಎರಡು ಮೊಳ ಸರಿಸಿದ. ವಾರವೆಲ್ಲ ಇದೇ ಕಸುಬು. ಹುಡುಗಿ ತಿರುಗಿ ಬಂದು ಅಳೆದು, "ಒಂದು ಗೇಣೂ ಅಲ್ಲಾಡಿಲ್ಲ, ಎಂಥ ಒಳ್ಳೇ ಜನ" ಅಂದಳು.

ಇಬ್ಬರೂ ತಲೆ ಬಗ್ಗಿಸಿ ಕಾಫಿ ಕುಡಿದರು.

3. ಬಚ್ಚಲು

ಕೊನೆಗೆ ಅಳತೆ ನಮ್ಮ ಬೀದಿಗೆ ಬಂತು. ನಕಾಶೆಯಲ್ಲಿ ಹಳೇ ಬಂಡಿದಾರಿ ಐತೆ, ಅದರ ಮೇಲೆ ಯಾರೋ ಗೋಡೆ ಎಬ್ಬಿಸಿದ್ದಾರೆ ಅಂದಳು ಹುಡುಗಿ.

"ಯಾವ ಮಾನಗೆಟ್ಟೋರವ್ವ? ಹೇಳು, ಊರಿಗೆಲ್ಲ ಸಾರ್ಕೊಂಡ್ ಬತ್ತೀನಿ" ಅಂದೆ.

ಟೇಪು ಎಳೆದುಕೊಂಡು ಬಂದು ನಮ್ಮ ಬಚ್ಚಲ ಗೋಡೆಗೆ ಮುಟ್ಟಿಸಿದಳು.

ಮೆಂಬರ್ ಹೆಂಡತಿಗೆ ಹಬ್ಬ. "ನಿಂಗ್ಯಾಕೆ ತೊಂದ್ರೆ ಬುಡಕ್ಕ, ಮಂಡಿನೋವು ಬೇರೆ. ನಾನೇ ಸಾರ್ಕೊಂಡ್ ಬತ್ತೀನಿ" ಅಂದಳು.

ಅತ್ತೆ ಕಾಲದ ಬಚ್ಚಲು, ಬಿಡಲ್ಲ ಅಂತ ಹಂಡೆಗೆ ಒರಗಿ ಕೂತೆ. ಮೊಮ್ಮಗಳು ಬಂದು ಹಂಡೆ ನೀರೆಲ್ಲ ಚೆಲ್ಲಿ, ಒಬ್ಬಳೇ ಅದನ್ನು ಹಿತ್ತಲಿಗೆ ಉರುಳಿಸೋಕೆ ಶುರು ಮಾಡಿದಳು. ಒಸಿ ಹೊತ್ತು ನೋಡಿದೆ, ಆಮೇಲೆ ನಾನೂ ಕೈ ಹಾಕಿದೆ.

ಈಗ ಬಚ್ಚಲಿದ್ದ ಜಾಗದಲ್ಲೇ ದಾರಿ. ಅವಳು ಸೈಕಲ್ಲಲ್ಲಿ ಇಸ್ಕೂಲಿಗೆ ಹೋಗ್ತಾಳೆ, ಬೆನ್ನಿಗೆ ಇನ್ನಷ್ಟು ಹುಡುಗೀರು. ನಾನು ಜಗಲಿ ಮೇಲೆ ಕೂತಿರ್ತೀನಿ. ಮೊದಲೆಲ್ಲ ಊರ ಸುದ್ದಿ ತರೋಕೆ ಮನೆಮನೆ ಅಲೀತಿದ್ದೆ. ಈಗ ಅದೇ ಸುದ್ದಿ ನಡಕೊಂಡು, ಸೈಕಲ್ ತುಳಕೊಂಡು ನನ್ನ ಬಾಗಿಲಿಗೇ ಬತ್ತದೆ, ಅದೂ ಸರ್ಕಾರದ ಖರ್ಚಲ್ಲಿ.