ಕೆರೆಯಲ್ಲಿ ನೀಲಿ ಕಾಣದ ಯಂತ್ರ ಮಹಾಶಯರಿಗೆ

ಬಣ್ಣ ಬೇರ್ಪಡಿಸುವ ಯಂತ್ರ ಮಹಾಶಯರ ಸನ್ನಿಧಿಗೆ,
ಜಲಮೂಲ ಗುರುತಿಸುವ ಕೊಠಡಿ, ಮೇಲ್ಮಹಡಿ, ಚಿಕ್ಕಬಳ್ಳಾಪುರ.

ಮಾನ್ಯರೇ,

ಸ್ಕಂದಗಿರಿ ತಪ್ಪಲಿನ ಕೋಡಿಪಾಳ್ಯದ ಸಮಸ್ತ ಜನರ ಪರವಾಗಿ ತಮಗೆ ಅನಂತ ವಂದನೆಗಳು. ಊರಿಗೆಲ್ಲ ಕರೆಂಟು ಹೋದಾಗಲೂ ತಮ್ಮ ಕೊಠಡಿಗೆ ಹೋಗುವುದಿಲ್ಲವಾದ್ದರಿಂದ ತಾವು ತಂಪಾಗಿ ಕ್ಷೇಮದಿಂದಿರುವಿರೆಂದು ನಂಬಿದ್ದೇವೆ. ಇತ್ತ ನಾವೂ ಕ್ಷೇಮ, ದನಕರುಗಳೂ ಕ್ಷೇಮ; ನಮ್ಮ ಕೆರೆಯೊಂದು ಮಾತ್ರ ಇಲ್ಲವೆಂದು ತಾವು ಪ್ರಕಟಿಸಿದ ಕರಡು ಪಟ್ಟಿಯಿಂದ ತಿಳಿದುಬಂತು. ಆ ಪಟ್ಟಿ ಬರುವವರೆಗೂ ಅದರಲ್ಲೇ ಎಮ್ಮೆ ಮೈ ತೊಳೆಯುತ್ತಿದ್ದೆವು, ನಮ್ಮ ಅಜ್ಞಾನವನ್ನು ತಾವು ಮನ್ನಿಸಬೇಕು.

ನಾನು ಇಲ್ಲಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಸಂಘಮಿತ್ರ. ಕೆರೆ ಏರಿಯ ಕೆಳಗೆ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳು ಸಾಕುವ ಮುನಿಶಾಮಮ್ಮ ನನ್ನ ತಾಯಿ. ತಮ್ಮ ಅಂತಿಮ ಪಟ್ಟಿಯಲ್ಲೂ ಕೆರೆ ಇಲ್ಲವೆಂದಾದರೆ, ಬೆಟ್ಟ ಹತ್ತಲು ಬರುವವರ ಕಾರು ನಿಲ್ಲಿಸುವುದಕ್ಕಾಗಿ ಅಲ್ಲಿ ಟಿಪ್ಪರ್‌ಗಟ್ಟಲೆ ಮಣ್ಣು ಸುರಿಯುತ್ತಾರಂತೆ. ಕೆರೆಗೆ ಮಣ್ಣು ಬಿದ್ದರೆ ಅಮ್ಮನ ಬಾವಿ ಬತ್ತುತ್ತದೆ, ಬಾವಿ ಬತ್ತಿದರೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಹುಳುವಿಲ್ಲ. ನನ್ನನ್ನು ಬಿ.ಎಡ್. ಓದಿಸಿದ್ದೇ ಆ ಹುಳುಗಳು. ಆದ್ದರಿಂದ ಈ ಪತ್ರವನ್ನು ಎಷ್ಟೇ ವಿನಯದಿಂದ ಬರೆಯಲು ಕೂತಿದ್ದರೂ ನನಗೆ ಸಿಟ್ಟು ಬಂದಿದೆಯೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ತಮ್ಮ ಕಾರ್ಯವೈಖರಿಯನ್ನು ತಮ್ಮ ಸೇವೆಯಲ್ಲಿರುವ ಮುರಳಿಮೋಹನ್ ಅವರು ಬಹಳ ತಾಳ್ಮೆಯಿಂದ ಪರದೆಯ ಮೇಲೆ ತೋರಿಸಿಕೊಟ್ಟರು. ಡ್ರೋನು ಮೇಲಿನಿಂದ ತೆಗೆದ ಬಣ್ಣದ ಚಿತ್ರವನ್ನು ತಾವು ರಾಗಿಮುದ್ದೆಯಂತೆ ಇಡಿಯಾಗಿ ನುಂಗುವವರಲ್ಲ. ಅದನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲಿ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಅಳೆದು, ಒಂದೇ ಊರನ್ನು ಮೂರು ಚೌಕುಳಿ ಹಾಳೆಗಳಾಗಿ ಬಿಡಿಸಿಡುತ್ತೀರಿ. ಕೆಂಪಿನ ಹಾಳೆ ಕೆಂಪಗಿರುತ್ತದೆಂದು ನಾನು ಭಾವಿಸಿದ್ದೆ, ಆದರೆ ಮೂರೂ ಬೂದು ಬಣ್ಣದಲ್ಲಿದ್ದವು. ಬಣ್ಣ ಹೆಚ್ಚಿದ್ದಲ್ಲಿ ಬಿಳಿಚಿಕೊಂಡು, ಕಡಿಮೆಯಿದ್ದಲ್ಲಿ ಕಪ್ಪಿಟ್ಟು ಕಾಣುತ್ತಿದ್ದವು. ಆಮೇಲೆ ತಾವು ಮೂರನ್ನೂ ಹೋಲಿಸಿ, ಕೆಂಪು ಮೇಲಾದರೆ ಬರಿ ನೆಲ, ಹಸಿರು ಮೇಲಾದರೆ ಹುಲ್ಲುಗಾವಲು, ನೀಲಿ ಮೇಲಾದರೆ ನೀರು ಎಂದು ತೀರ್ಪು ಕೊಡುತ್ತೀರಿ. ಭೂಪಟದಲ್ಲಿ ನೀರಿಗೆ ನೀಲಿ ಹಚ್ಚಬೇಕೆಂದು ಶಾಲೆಯಲ್ಲಿ ನಾವೂ ಕಲಿಸುತ್ತೇವೆ. ನಮ್ಮ ಮಕ್ಕಳು ಒಂದು ಸಲ ಕೆರೆಗಿಳಿದು ಬಂದ ಮೇಲೆ ಆ ಪಾಠ ಮರೆತುಬಿಡುತ್ತಾರೆ, ತಾವು ಮರೆಯದೆ ಉಳಿಸಿಕೊಂಡಿದ್ದೀರಿ.

ನಮ್ಮ ಕೆರೆಯ ತಪ್ಪೇನೆಂದರೆ ಅದರ ತುಂಬ ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ ಬೆಳೆದಿದೆ. ಎಲೆಗೆ ಎಲೆ ತಾಗಿ, ಮೇಲಿನಿಂದ ನೋಡಿದರೆ ಹಾಸಿದ ಹುಲ್ಲು. ತಾವು ಅದನ್ನು ಹುಲ್ಲುಗಾವಲು ಎಂದಿರಿ, ಕಚೇರಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೈದಾನ ಎಂದರು. ಊರವರು ಸೇರಿ ಒಂದು ಮೂಲೆಯ ಅಂತರಗಂಗೆಯನ್ನು ಕಿತ್ತು ದಡಕ್ಕೆ ಹಾಕಿದರೆ, ಅಲ್ಲಿ ಮಳೆಗೆ ಹರಿದುಬಂದ ಕೆಮ್ಮಣ್ಣಿನ ನೀರು ಕಂಡಿತು, ತಾವು ಅದನ್ನು ಬರಿ ನೆಲ ಎಂದಿರಿ. ಇದೇ ಹೊತ್ತಿಗೆ ಬೆಟ್ಟದ ದಾರಿಯ ರೆಸಾರ್ಟಿನಲ್ಲಿ ನಾಲ್ಕು ಜನ ಒಟ್ಟಿಗೆ ಇಳಿದರೆ ಉಕ್ಕುವಷ್ಟು ಪುಟ್ಟ ಈಜುಕೊಳವೊಂದಿದೆ, ಅದರ ತಳಕ್ಕೆ ನೀಲಿ ಟೈಲ್ಸು ಹಾಕಿಸಿದ್ದಾರೆ. ಅದು ತಮ್ಮ ಪಟ್ಟಿಯಲ್ಲಿ ವರ್ಷವಿಡೀ ಬತ್ತದ ಜಲಮೂಲವೆಂದು ದಾಖಲಾಗಿರುವುದಕ್ಕೆ ಹೃತ್ಪೂರ್ವಕ ಅಭಿನಂದನೆಗಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಹಿರಿಯರು ಕೇಳುತ್ತಿದ್ದರು, ಅವರ ಕಾಲದಲ್ಲಿ ತಾವಿರಲಿಲ್ಲ.

ಆಕ್ಷೇಪಣೆ ಸಲ್ಲಿಸಲು ಹೋದಾಗ ಮುರಳಿಮೋಹನ್ ಅವರು ದನಿ ತಗ್ಗಿಸಿ, "ಮೇಡಂ, ನೀರಿದೆ ಅಂತ ನನಗೂ ಗೊತ್ತು, ಹೋದ್ವರ್ಷ ಅಲ್ಲೇ ಮೀನು ತಗೊಂಡು ಹೋಗಿದೀನಿ, ಆದ್ರೆ ನಾನು ಹೇಳಿದ್ರೆ ನಡೆಯಲ್ಲ, ಅದು ಹೇಳ್ಬೇಕು" ಎಂದರು. ಅವರಿಗೆ ತಮ್ಮ ಮೇಲಿರುವ ಭಕ್ತಿ ಕಂಡು ನಾನೂ ಪರದೆಗೊಮ್ಮೆ ಕೈ ಮುಗಿದೆ. ಮತ್ತೊಮ್ಮೆ ಚಿತ್ರ ತೆಗೆಯಲು ಡ್ರೋನು ಬರುತ್ತದೆಂದೂ ಅಷ್ಟರಲ್ಲಿ ಏನಾದರೂ ನೀಲಿ ಕಾಣುವಂತೆ ಮಾಡಿಕೊಳ್ಳಿ ಎಂದೂ ಅವರೇ ಸೂಚಿಸಿದರು. ಇದನ್ನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಸಿಟ್ಟು ನೆತ್ತಿಗೇರಿದಾಗ ತೆಲುಗು ಬರುತ್ತದೆ. ನೀರಿನಲ್ಲಿ ನೀರು ಕಾಣಲಿಲ್ಲವಂತಾ ಎಂಬ ಅರ್ಥದಲ್ಲಿ, "ನೀಳ್ಳಲ್ಲೋ ನೀಳ್ಳು ಕನಪಡಲೇದಂಟಾ" ಎಂದು ಒಮ್ಮೆ ಕೇಳಿ, ಸೊಪ್ಪು ಕೊಯ್ಯಲು ಹೋದರು.

ಆದರೂ ಊರವರು ಸೋಲಲಿಲ್ಲ. ಹುಳು ಮನೆಗಳ ಮೇಲೆ ಹೊದಿಸುವ ನೀಲಿ ಟಾರ್ಪಾಲುಗಳನ್ನೆಲ್ಲ ಬಿಚ್ಚಿ ತಂದು, ಕೆರೆಯ ಅಂತರಗಂಗೆಯ ಮೇಲೆ ಹಾಸಿ, ತಮಗೆ ಇಷ್ಟವಾಗುವ ನೀರನ್ನು ತೋರಿಸುವುದೆಂದು ತೀರ್ಮಾನವಾಯಿತು. ಇಲ್ಲೇ ನಮ್ಮ ಕಸುಬು ನಮಗೆ ಕೈಕೊಟ್ಟಿತು. ಹುಳು ಸಾಕುವವರ ಮನೆಯಲ್ಲಿ ತಟ್ಟೆಯಾಗಲಿ, ಬಟ್ಟೆಯಾಗಲಿ, ತೊಳೆದು ಬಿಸಿಲಿಗೆ ಹಾಕದೆ ಯಾವುದನ್ನೂ ಇನ್ನೊಂದು ಕೆಲಸಕ್ಕೆ ಬಳಸುವ ರೂಢಿಯಿಲ್ಲ. ಹುಳುವಿಗೆ ರೋಗ ತಗಲಿದರೆ ಇಡೀ ಬೆಳೆ ಹೋಗುತ್ತದೆ. ಬಿಚ್ಚಿದ ಟಾರ್ಪಾಲು ಹಾಸಲು ಹೊರಟಿದ್ದು ಕೆರೆಯ ಮೇಲೆ, ಅಲ್ಲಿ ಹುಳುವಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಹೆಂಗಸರು ಬ್ಲೀಚಿಂಗ್ ಪುಡಿ ಕಲಸಿ ಟಾರ್ಪಾಲುಗಳನ್ನು ತಿಕ್ಕಿ ತೊಳೆದು, ರಾಗಿ ಬಡಿಯುವ ಕಣದಲ್ಲಿ ಸಾಲಾಗಿ ಒಣಹಾಕಿ ಊಟಕ್ಕೆ ಕೂತಾಗ ತಮ್ಮ ಡ್ರೋನು ಬಂತು.

ಪರಿಣಾಮವಾಗಿ ನಮ್ಮ ಕಣ ಈಗ ಕೆರೆ. ಅದರಲ್ಲಿ ಮೀನು ಮರಿ ಬಿಡಲು ಅರ್ಜಿ ಹಾಕಬಹುದೆಂದು ಪಂಚಾಯಿತಿಗೆ ಸೂಚನೆಯೂ ಬಂದಿದೆ. ತಾವು ಇಷ್ಟು ಉದಾರವಾಗಿ ಕೊಟ್ಟ ಕೆರೆಯನ್ನು ಬೇಡವೆನ್ನಲು ಸಂಕೋಚವಾಗುತ್ತದೆ, ಆದರೆ ಸದ್ಯ ಅಲ್ಲಿ ರಾಗಿ ಹರಡಿದೆ. ತಾವು ದಯಮಾಡಿ ಒಂದು ದಿನ ಮಳೆರಾಯನಿಗೂ ಆದೇಶ ಹೊರಡಿಸಿ, ಇನ್ನು ಮುಂದೆ ನೀಲಿ ಬಣ್ಣದಲ್ಲೇ ಸುರಿಯತಕ್ಕದ್ದೆಂದು ತಿಳಿಸಬೇಕು. ಅಂತರಗಂಗೆಗೆ ಹಸಿರನ್ನು ಬಿಡಲು ಕಾಲಾವಕಾಶ ಕೊಡಬೇಕು. ಕೋಲಾರ ಸೀಮೆಯ ಕೆಮ್ಮಣ್ಣನ್ನು ಬೇರೆ ಜಿಲ್ಲೆಗೆ ವರ್ಗ ಮಾಡಬೇಕು. ಇವು ಯಾವುವೂ ಸಾಧ್ಯವಿಲ್ಲವೆಂದಾದರೆ, ಯಾರಾದರೂ ಒಬ್ಬರನ್ನು ದಡಕ್ಕೆ ಕಳಿಸಿ ಒಂದು ಕಲ್ಲು ಎಸೆಸಿ ನೋಡಬೇಕಾಗಿ ಪ್ರಾರ್ಥನೆ.

ಪ್ರಾರ್ಥನೆ ತಮಗೆ ತಲುಪುವ ಮೊದಲೇ ಫಲಿಸಿತು. ಕಾರು ನಿಲ್ಲುವ ಜಾಗಕ್ಕೆ ಸುಣ್ಣದ ಗೆರೆ ಎಳೆಯಲು ತಮ್ಮ ಕಚೇರಿಯ ಜೀಪು ನಿನ್ನೆ ಬೆಳಿಗ್ಗೆ ಬಂತು. ಚಾಲಕರಾದ ಮೋಹನ್‌ಬಾಬು ಅವರು ತಮ್ಮ ನಕ್ಷೆಯನ್ನು ಸಂಪೂರ್ಣ ನಂಬಿ, ಏರಿಯಿಂದ ನೇರವಾಗಿ ಹುಲ್ಲುಗಾವಲಿಗೆ ಇಳಿಸಿದರು. ಹುಲ್ಲುಗಾವಲು ಬಾಯಿ ತೆರೆದು ಜೀಪನ್ನು ನೆತ್ತಿಯವರೆಗೆ ಒಳಗೆ ಬರಮಾಡಿಕೊಂಡಿತು. ಕಿಟಕಿಯಿಂದ ಹೊರಬಂದ ಅವರಿಗೆ, ಸೊಪ್ಪು ಹೊರುತ್ತಿದ್ದ ನನ್ನ ತಾಯಿ ಹಸುವಿನ ಹಗ್ಗ ಎಸೆದು ದಡಕ್ಕೆ ಎಳೆದುಕೊಂಡು, ಸೆರಗಿನಿಂದಲೇ ಅವರ ತಲೆ ಒರೆಸಿ, "ಯಾಕಪ್ಪ, ನಿಮ್ ನಕ್ಸೆನಾಗೆ ಇಲ್ಲಿ ಒಣಗಿತ್ತಾ" ಎಂದು ಕೇಳಿ, ಮನೆಗೆ ಕರೆತಂದು ಕಾಫಿ ಕೊಟ್ಟರು. ಅವರು ಕ್ಷೇಮವಾಗಿದ್ದಾರೆ. ಕಾಫಿ ಮಾಡಿದ ನೀರು ಬಾವಿಯದು, ಬಾವಿಗೆ ಬಂದದ್ದು ಎಲ್ಲಿಂದ ಎಂಬುದನ್ನು ಅವರು ಈಗ ತಮಗಿಂತ ಚೆನ್ನಾಗಿ ಬಲ್ಲರು.

ಇಂತು ತಮ್ಮ ಮೂರು ಹಾಳೆಗಳಲ್ಲಿ ಎಲ್ಲಿಯೂ ಇಲ್ಲದ ಕೆರೆಯ ದಡದಿಂದ,
ತಮ್ಮ ವಿಶ್ವಾಸಿ,
ಸಂಘಮಿತ್ರ
ಕೋಡಿಪಾಳ್ಯ

ತಾ.ಕ.: ಜೀಪು ಎಲ್ಲಿದೆಯೆಂದು ಹುಡುಕಲು ಇಂದು ಡ್ರೋನು ಹಾರಿಸಿದ್ದರಂತೆ. ಮುರಳಿಮೋಹನ್ ಅವರು ಈಗಷ್ಟೇ ಫೋನು ಮಾಡಿ ಶುಭಸುದ್ದಿ ತಿಳಿಸಿದರು: ನಮ್ಮ ಕೆರೆಯ ನಡುವೆ ಕೆಲವು ಚೌಕಗಳಲ್ಲಿ ತಾವು ಕೊನೆಗೂ ನೀರು ಕಂಡಿದ್ದೀರಿ, ಆದ್ದರಿಂದ ಅಂತಿಮ ಪಟ್ಟಿಗೆ ಕೆರೆ ಸೇರಬಹುದು. ಆ ಜೀಪಿನ ನೆತ್ತಿಯ ಬಣ್ಣ ನೀಲಿ. ಪಟ್ಟಿ ಪ್ರಕಟವಾಗುವವರೆಗೆ ದಯವಿಟ್ಟು ಅದನ್ನು ಯಾರೂ ಮೇಲೆತ್ತಬಾರದು. ಅಮ್ಮ ದಿನವೂ ಹೋಗಿ ಅದರ ಮೇಲಿನ ಅಂತರಗಂಗೆ ಸರಿಸಿ ಬರುತ್ತಾರೆ.