ವಾಟರ್‌ಪ್ರೂಫ್ ಬುದ್ಧಿಮಾತು

ಒಂದಾನೊಂದು ಪೇಟೆಯಲ್ಲಿ ಒಬ್ಬಳು ಅಮ್ಮ ಇದ್ದಳು. ಅಜ್ಜಿ ಹೇಳುವ ಕತೆಗಳಲ್ಲಿ ರಾಜಕುಮಾರಿ ಬಾಯಿ ತೆರೆದರೆ ಮುತ್ತು ಉದುರುತ್ತದೆ. ಚಾಮರಾಜಪೇಟೆಯ ಈ ಅಮ್ಮ ಬಾಯಿ ತೆರೆದರೆ ಎದುರಿಗಿದ್ದವರು ಬಿದ್ದು ಬಿದ್ದು ನಗುತ್ತಿದ್ದರು. ಹೆಸರು ರಂಗನಾಯಕಿ, ಸ್ಟೇಜ್ ಹತ್ತಿ ನಗಿಸುವುದೇ ಕಸುಬು. ಆ ವರವೇ ಮಗಳ ಮದುವೆಯ ದಿನ ಶಾಪವಾಗಿಬಿಟ್ಟಿತು.

ಬಸವನಗುಡಿಯ ಛತ್ರದಲ್ಲಿ, ಬೆಳಗ್ಗೆ ಹೂವು ಮುಡಿಸಿಕೊಳ್ಳುತ್ತಲೇ ಹಿರಿಯ ಮಗಳು ಆರಾಧನಾ ಶುರು ಮಾಡಿದಳು.

"ಅಮ್ಮ, ಇಷ್ಟು ವರ್ಷ ಸ್ಟೇಜ್ ಮೇಲೆ ನನ್ನ ಮಾನ ಹರಾಜು ಹಾಕಿದೀಯ. ಇವತ್ತು ಒಪ್ಪಿಸಿಕೊಡೋವಾಗ ಒಂದೇ ಒಂದು ಬುದ್ಧಿಮಾತು ಸೀರಿಯಸ್ಸಾಗಿ ಹೇಳು, ಬೇರೆ ಅಮ್ಮಂದಿರ ಥರ. ನಾನು ಅಳ್ಬೇಕು."

"ಹೇಳಿದೀನಲ್ಲೇ ಬೇಕಾದಷ್ಟು! ಮೊದಲನೇ ವಾರವೇ ಚೆನ್ನಾಗಿ ಅಡುಗೆ ಮಾಡ್ಬೇಡ, ಉಪ್ಪಿಟ್ಟು ಗಂಟುಗಂಟಾಗಿರ್ಲಿ. ಇಲ್ಲಾಂದ್ರೆ ಜೀವಮಾನವೆಲ್ಲ ಸೌಟು ನಿನ್ನ ಕೈಲೇ ಇರತ್ತೆ. ನಿನ್ನ ಗಂಡ ಆತ್ರೇಯ 'ಏನಾಯ್ತು' ಅಂದಾಗ 'ಏನಿಲ್ಲ' ಅನ್ಬೇಡ. ಗಂಡಸು, ನಂಬ್ಬಿಡ್ತಾನೆ…"

"ನೋಡು, ಇದೇ! ವಾಟರ್‌ಪ್ರೂಫ್ ಮೇಕಪ್ ಹಾಕಿಸ್ಕೊಂಡಿದೀನಿ ಕಣಮ್ಮ, ದಂಡ ಆಗ್ಬಾರ್ದು. ಮಾತು ಕೊಡು."

ರಂಗನಾಯಕಿ ಮಗಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು.

"ಮೊದಲು ಹುಬ್ಬು ಇಳಿಸಮ್ಮ," ಎಂದಳು ಕಿರಿಯವಳು ಸುಪ್ರಜಾ. "ಎಡಗಡೆ ಹುಬ್ಬು ಏರಿದ್ರೆ ಜನ ಜೋಕ್ ಬಂತು ಅಂತ ರೆಡಿಯಾಗ್ತಾರೆ."

ಹುಬ್ಬು ಇಳಿಸಿಕೊಂಡೇ ರಂಗನಾಯಕಿ ತಿಂಡಿಯ ಪಂಕ್ತಿಯ ಕಡೆ ಹೋದಳು. ಬೀಗರು ಕೂತಿದ್ದರು.

"ದೇವಯ್ಯನವರೇ, ಚಟ್ನಿ ಮುಗಿದಿದೆ. ಬೇಗ ತನ್ನಿ."

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದು ನಕ್ಕಿತು. ಬಡಿಸುತ್ತಿದ್ದ ದೇವಯ್ಯ ಖಾಲಿ ಬಕೆಟ್ಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. "ಅಯ್ಯೋ, ಸಾಕು ಬಿಡೀಮ್ಮ, ನಗೋಕಾಗಲ್ಲ!"

ಚಟ್ನಿ ಬರಲೇ ಇಲ್ಲ. ಪಂಕ್ತಿಯ ಕೊನೆಯಲ್ಲಿ ಗಂಡಿನ ತಂದೆ ದೊರೆಸ್ವಾಮಿ, ಭಾನುವಾರದ ಬ್ಯಾಂಕಿನ ಬಾಗಿಲಿನಂಥ ಮುಖ ಮಾಡಿಕೊಂಡು, ಬರೀ ಇಡ್ಲಿ ನುಂಗುತ್ತಿದ್ದರು.

ಕಂಗಾಲಾದ ರಂಗನಾಯಕಿ ಪಕ್ಕದ ಮನೆಯ ವಿಶಾಲಮ್ಮನನ್ನು ಕಂಬದ ಮರೆಗೆ ಎಳೆದಳು. "ಸೀರಿಯಸ್ಸಾಗಿ ಏನ್ರೀ ಹೇಳ್ತಾರೆ ಮಗಳಿಗೆ?"

"ಹೊಂದ್ಕೊಂಡು ಹೋಗಮ್ಮ, ಅನ್ನಿ. ಅಷ್ಟೇ. ನಮ್ಮಮ್ಮ ನಂಗೆ ಹೇಳಿದ್ದೂ ಅದೇ."

"ಹೊಂದ್ಕೊಂಡ್ರಾ?"

"ನಾನ್ಯಾಕ್ರೀ? ನಮ್ಮನೆಯವರು ಹೊಂದ್ಕೊಂಡ್ರು. ಮಾತು ಮುಖ್ಯ ಅಲ್ಲ, ಗಂಟಲು ಕಟ್ಬೇಕು. ಎಲ್ಲಿ, ಹೇಳಿ ನೋಡೋಣ."

ರಂಗನಾಯಕಿ ಹೇಳಿದಳು. ವಿಶಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು.

ಮಧ್ಯಾಹ್ನ ಒಪ್ಪಿಸಿಕೊಡುವ ಶಾಸ್ತ್ರ. ಹಾಲಿನ ಬಟ್ಟಲಲ್ಲಿ ಅದ್ದಿದ ಮಗಳ ಕೈ ಬೀಗಿತ್ತಿಯ ಕೈ ಸೇರುವ ಹೊತ್ತು. ವಿಡಿಯೋದ ಅನಿಲ್ ಕುಮಾರ್ ಅಳುವವರನ್ನು ಹುಡುಕಿ ಹುಡುಕಿ ಲೈಟು ಬಿಡುತ್ತಿದ್ದ. ರಂಗನಾಯಕಿಯ ಗಂಡ ಸಂಕರ್ಷಣ ಬೆಳಗ್ಗಿನಿಂದಲೇ ಅತ್ತು ಎಲ್ಲರ ಮೆಚ್ಚುಗೆ ಗಳಿಸಿಬಿಟ್ಟಿದ್ದ. ಈಗ ಎಲ್ಲರ ಕಣ್ಣು ಅವಳ ಮೇಲೆ.

"ಆರಾಧನಾ… ಹೊಂದಿಕೊಂಡು…"

ಮುಂದಿನ ಸಾಲಿನವರು ಕಿಸಕ್ಕೆಂದರು. ಫ್ಯಾನಿನ ಸ್ಪೀಡಿನ ವಿಷಯದಲ್ಲೂ ಗಂಡನ ಜೊತೆ ಹೊಂದಿಕೊಂಡವಳಲ್ಲ ಎಂದು ಅವಳೇ ಎಷ್ಟೋ ಸಲ ಸ್ಟೇಜಿನ ಮೇಲೆ ಹೇಳಿದ್ದಳಲ್ಲ!

"ನಗ್ಬೇಡಿ," ಎಂದಳು. ಇಡೀ ಛತ್ರ ನಕ್ಕಿತು.

"ನಿಜವಾಗ್ಲೂ ಕಣ್ರೀ! ನನ್ನ ಮಗಳು ಹೋಗ್ತಿದಾಳೆ!"

ಅಷ್ಟನ್ನುವಾಗ ಗಂಟಲು ನಿಜಕ್ಕೂ ಕಟ್ಟಿತು. ಅಳು ಬಂತು. ಅಭ್ಯಾಸವಿಲ್ಲದ ಅಳು, ತುಕ್ಕು ಹಿಡಿದ ಗೇಟು ತೆರೆದ ಹಾಗೆ ಕಿರ್ರೆಂದು ಬಂತು. ಮೂಗೂ ಸೋರಿತು. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಕುರ್ಚಿಗಳಿಂದ ಯಾರೋ ಕೂಗಿದರು: "ಒನ್ಸ್ ಮೋರ್!"

ಆರಾಧನಾ ಒಣಗಣ್ಣಲ್ಲೇ ನಡೆದು ಹೋಗಿ ಕಾರಿನಲ್ಲಿ ಕೂತಳು.

ರಂಗನಾಯಕಿ ಮೂಗೊರೆಸಿಕೊಳ್ಳುತ್ತಿದ್ದಾಗ ದೊರೆಸ್ವಾಮಿ ಹತ್ತಿರ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಸದ್ಯ, ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಅವಳ ಜೀವ ತಂಪಾಯಿತು.

"ರಂಗನಾಯಕಮ್ಮನೋರೇ, ನಾನು ಹೀಗೆ ನಕ್ಕು ಎಷ್ಟು ಕಾಲ ಆಗಿತ್ತು ಗೊತ್ತಾ? ಆ ಅಳು… ಏನು ಅಭಿನಯ ಅಂತೀನಿ! ಮಲ್ಲೇಶ್ವರದಲ್ಲಿ ನಮ್ಮ ಹಿರಿಯರ ಸಂಘದ ವಾರ್ಷಿಕೋತ್ಸವ ಇದೆ. ಅಲ್ಲೂ ಅದನ್ನೇ ಮಾಡ್ಬೇಕು ನೀವು."

ರಂಗನಾಯಕಿ ಕಾರಿನ ಕಡೆ ಓಡಿದಳು.

"ಗ್ಲಾಸ್ ಇಳಿಸೇ."

"ಬೇಡ ಹೋಗಮ್ಮ. ಮಾತು ಕೊಟ್ಟಿದ್ದೆ ನೀನು."

"ಕೇಳಿಲ್ಲಿ. ಅಲ್ಲಿ ಅಳು ಬಂದ್ರೆ ಯಾರ ಮುಂದೇನೂ ಅಳ್ಬೇಡ, ಮೆಟ್ರೋ ಹತ್ತಿ ಬಂದ್ಬಿಡು. ಮಲ್ಲೇಶ್ವರಂ ಏನು ಏಳು ಸಮುದ್ರದಾಚೆ ಇಲ್ಲ. ನಮ್ಮನೇಲಿ ಎಷ್ಟು ಹೊತ್ತು ಬೇಕಾದ್ರೂ ಅಳು. ಯಾಕೆ ಅಂತ ನಾನು ಕೇಳಲ್ಲ. ಒನ್ಸ್ ಮೋರ್ ಅಂತ ಯಾರೂ ಅನ್ನಲ್ಲ."

ಆರಾಧನಾ ಗ್ಲಾಸ್ ಇಳಿಸಿದಳು. ಅಮ್ಮನ ಕೈಯನ್ನು ಕಿಟಕಿಯೊಳಕ್ಕೆ ಎಳೆದುಕೊಂಡು, ಅದರಲ್ಲಿ ಮುಖವಿಟ್ಟು ಅತ್ತಳು. ವಾಟರ್‌ಪ್ರೂಫ್ ಕಾಡಿಗೆ ಅಮ್ಮನ ಬಳೆಗಳವರೆಗೂ ಹರಿಯಿತು. ಕೊಟ್ಟ ಮಾತು ಅಂತೂ ನಡೆದಿತ್ತು.

ಅನಿಲ್ ಕುಮಾರ್ ಏದುಸಿರು ಬಿಡುತ್ತ ಓಡಿ ಬಂದ.

"ಅಮ್ಮಾ, ಸೂಪರ್! ಆದ್ರೆ ಬ್ಯಾಟರಿ ಹೋಗಿತ್ತು. ಒನ್ಸ್ ಮೋರ್, ಪ್ಲೀಸ್!"

ರಂಗನಾಯಕಿಯ ಎಡಹುಬ್ಬು ತಾನಾಗಿಯೇ ಮೇಲೇರಿತು.